ಕೌಟುಂಬಿಕ ದೌರ್ಜನ್ಯ: ನೊಂದ ಹೆಣ್ಣುಮಗಳನ್ನು ನಗರದ ಜೈನ ಸಮಾಜ ತಲುಪುವ ಬಗೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿರುವ ಜೈನರು ಸುಮಾರು 4.40 ಲಕ್ಷ. ಇಷ್ಟು ಚಿಕ್ಕ ಸಮಾಜದಲ್ಲಿ ಯಾರ ಮನೆಯ ಮಗಳು ಯಾರ ಮನೆಯ ಸೊಸೆ ಎಂಬುದು ಬಸದಿಯ ಜಗಲಿಯಲ್ಲಿ ಕುಳಿತವರಿಗೆಲ್ಲ ಗೊತ್ತಿರುತ್ತದೆ. ಆ ಸೊಸೆಗೆ ಮನೆಯೊಳಗೆ ಏಟು ಬೀಳುತ್ತಿದೆ ಎಂಬುದೂ ಎಷ್ಟೋ ಸಲ ಗೊತ್ತಿರುತ್ತದೆ. ಗೊತ್ತಾದವರು ಏನು ಮಾಡಬೇಕು, ಎಲ್ಲಿಗೆ ಕರೆದೊಯ್ಯಬೇಕು, ಏನು ಮಾಡಬಾರದು ಎಂಬ ಮಾಹಿತಿಯನ್ನು ಮಹಿಳಾ ಮಂಡಳಗಳು, ಜೈನ್ ಮಿಲನ್ ಶಾಖೆಗಳು, ಬಸದಿ–ಸ್ಥಾನಕಗಳ ಆಡಳಿತ ಮಂಡಳಿಗಳು ಹಾಗೂ ಮನೆಮಂದಿಯ ಉಪಯೋಗಕ್ಕಾಗಿ ಇಲ್ಲಿ ಕೊಡಲಾಗಿದೆ.

ವಿಷಯ ಸಣ್ಣದಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಇಡೀ ದೇಶದ ಸರಾಸರಿ ಶೇ. 29.3. ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ನಮ್ಮ ಸಂಘಟನೆಗಳು ಹೆಚ್ಚು ಗಮನಿಸಬೇಕು. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ, ಶೇ. 77ರಷ್ಟು ಮಂದಿ ಸಹಾಯ ಕೇಳುವುದಿರಲಿ, ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ಸಹಾಯ ಕೇಳಿದವರಲ್ಲೂ ಹೆಚ್ಚಿನವರು ಮೊದಲು ಹೋದದ್ದು ಪೊಲೀಸರ ಬಳಿಗಲ್ಲ, ವಕೀಲರ ಬಳಿಗಲ್ಲ, ತವರಿನವರ ಬಳಿಗೆ. ಅಂದರೆ ಅಮ್ಮ, ಚಿಕ್ಕಮ್ಮ, ಅಕ್ಕ, ಅತ್ತಿಗೆ ಇವರೇ ಮೊದಲ ಬಾಗಿಲು. ಆ ಬಾಗಿಲಲ್ಲಿ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂಬ ಉತ್ತರ ಬಂದರೆ ಎರಡನೆಯ ಬಾಗಿಲು ತಟ್ಟುವವರು ಬಹಳ ಕಡಿಮೆ.

ನಗರದಲ್ಲಿ ಈ ಮೊದಲ ಬಾಗಿಲೂ ದೂರ. ಬೆಳಗಾವಿ, ಮೂಡುಬಿದಿರೆ, ಹೊರನಾಡು ಕಡೆಯಿಂದ ಮದುವೆಯಾಗಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಸೇರಿದ ಹುಡುಗಿಗೆ ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿರುವುದಿಲ್ಲ. ಜಗಳದ ಸದ್ದು ಕೇಳುವವರು ಮನೆಗೆಲಸದಾಕೆ, ಸೆಕ್ಯುರಿಟಿ ಗಾರ್ಡ್. ತವರಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಿಸಿಕೊಂಡು ಗಂಡ ಪಕ್ಕದಲ್ಲೇ ಕೂತಿರುತ್ತಾನೆ. ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಕಟ್ಟು ನಡೆಯುತ್ತಿದ್ದ ಕಾಲದಲ್ಲಿ ಹೆಣ್ಣಿಗೆ ತವರುಮನೆ ಹಕ್ಕಿನ ಮನೆಯಾಗಿತ್ತು, ಅಲ್ಲಿಗೆ ಮರಳುವುದು ಅವಮಾನದ ಮಾತಾಗಿರಲಿಲ್ಲ. ಈಗ "ಕೊಟ್ಟ ಹೆಣ್ಣು ಕುಲದ ಹೊರಗೆ" ಎನ್ನುವ ಧಾಟಿ ಅಲ್ಲಿಯೂ ಕೇಳಿಬರುತ್ತದೆ.

ಹಿಂಸೆ ಎಂದರೆ ಏನೇನು

ಹೊಡೆತ ಮಾತ್ರ ಹಿಂಸೆ ಎಂದು ಇನ್ನೂ ಅನೇಕರು ತಿಳಿದಿದ್ದಾರೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 3ನೇ ಕಲಮು ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ಹಿಂಸೆಯನ್ನು ವಿಂಗಡಿಸುತ್ತದೆ. ಮನೆಖರ್ಚಿಗೆ ಕೊಡದಿರುವುದು, ಅವಳ ಒಡವೆ ಮಾರುವುದು, ಸಂಬಳ ಕಸಿದುಕೊಳ್ಳುವುದು, ಮಕ್ಕಳಾಗಿಲ್ಲವೆಂದು ಅಥವಾ ಗಂಡುಮಗುವಾಗಿಲ್ಲವೆಂದು ಹೀಯಾಳಿಸುವುದು ಎಲ್ಲವೂ ಇದರಲ್ಲಿ ಸೇರುತ್ತದೆ.

ಕಾಯಿದೆ ಹೇಳಿದ್ದು ನಮಗೆ ಹೊಸದಾಗಿ ಕಾಣಬೇಕಿಲ್ಲ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಊನ ಮಾಡುವುದು, ತಾಳಲಾರದ ಭಾರ ಹೊರಿಸುವುದು, ಅನ್ನ–ನೀರು ತಡೆಯುವುದು. ಪಾಠಶಾಲೆಯಲ್ಲಿ ಇದನ್ನು ಕಲಿಸುವಾಗ ಎತ್ತು, ಕುದುರೆಗಳ ಉದಾಹರಣೆ ಕೊಡುವುದು ರೂಢಿ. ಮನೆಯ ಸೊಸೆಯ ಉದಾಹರಣೆ ಕೊಟ್ಟರೂ ಪಾಠ ಸರಿಯಾಗಿಯೇ ಕೂರುತ್ತದೆ. ಹೊರಗೆ ಹೋಗಲು ಬಿಡದೆ ಕೂಡಿಹಾಕುವುದು ಮೊದಲನೆಯದು. ಬಾಣಂತನ ಮುಗಿಯುವ ಮುನ್ನವೇ ಇಡೀ ಮನೆಯ ಕೆಲಸ ಹೊರಿಸುವುದು ನಾಲ್ಕನೆಯದು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲಿ ಅನುಮೋದನೆಯೂ ಹಿಂಸೆಯ ಪಾಲೇ ಎಂಬುದನ್ನು ಗೊತ್ತಿದ್ದೂ ಸುಮ್ಮನಿರುವ ಬಂಧುಗಳಿಗೆ ನೆನಪಿಸಬೇಕಾಗುತ್ತದೆ.

ಹಿಂಸೆ ಗಂಡನಿಂದಲೇ ಬರಬೇಕೆಂದಿಲ್ಲ. ಕೌಶಾಂಬಿಯ ಶ್ರೇಷ್ಠಿಯ ಮನೆಯಲ್ಲಿ ಚಂದನೆಯನ್ನು ಸಂಕೋಲೆಯಲ್ಲಿಟ್ಟು, ಹೊಟ್ಟೆಗೆ ಸರಿಯಾಗಿ ಕೊಡದೆ ಪೀಡಿಸಿದವಳು ಆ ಮನೆಯ ಯಜಮಾನಿ. ಆ ಸ್ಥಿತಿಯಲ್ಲಿದ್ದವಳ ಕೈಯಿಂದ ಮಹಾವೀರರು ಆಹಾರ ಸ್ವೀಕರಿಸಿದರು, ಮುಂದೆ ಆಕೆಯೇ ಆರ್ಯಿಕಾ ಸಂಘದ ಮುಖ್ಯಸ್ಥೆಯಾದಳು. ಇಂದಿನ ಕಾನೂನಿನಲ್ಲೂ ಅತ್ತೆ, ನಾದಿನಿಯರ ಮೇಲೆ ದೂರು ಕೊಡಬಹುದು. ಎದುರುದಾರ 'ವಯಸ್ಕ ಪುರುಷ'ನೇ ಆಗಿರಬೇಕು ಎಂಬ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಹೀರಲ್ ಹರ್ಸೋರಾ ಪ್ರಕರಣದಲ್ಲಿ ತೆಗೆದುಹಾಕಿತು. ಕೂಡುಕುಟುಂಬದ ವಿಧವೆ ಸೊಸೆ, ಮದುವೆಯಾಗದ ತಂಗಿ, ಮಕ್ಕಳ ಕೈಯಲ್ಲಿ ಪೆಟ್ಟು ತಿನ್ನುವ ವಯಸ್ಸಾದ ತಾಯಿ ಇವರಿಗೂ ಈ ಕಾಯಿದೆಯ ರಕ್ಷಣೆ ಇದೆ.

ಮೊದಲು ಕೇಳಿಸಿಕೊಳ್ಳುವವರು

ಮಂಡಳದ ಸದಸ್ಯೆಯೊಬ್ಬರ ಬಳಿ ಹೆಣ್ಣುಮಗಳೊಬ್ಬಳು ವಿಷಯ ಹೇಳಿಕೊಂಡಳು ಎಂದಿಟ್ಟುಕೊಳ್ಳಿ. ಆ ಸದಸ್ಯೆಯ ಕೆಲಸ ಮೂರೇ. ಪೂರ್ತಿ ಕೇಳಿಸಿಕೊಳ್ಳುವುದು, ಈ ರಾತ್ರಿ ಮನೆಗೆ ಹೋಗುವುದು ಕ್ಷೇಮವೇ ಎಂದು ವಿಚಾರಿಸುವುದು, ಸರಿಯಾದ ಬಾಗಿಲಿಗೆ ಜೊತೆಯಲ್ಲಿ ಹೋಗುವುದು. ತೀರ್ಪು ಕೊಡುವುದು ಅವರ ಕೆಲಸವಲ್ಲ. "ನೀನೇನು ಮಾಡಿದೆ?" ಎಂಬ ಒಂದು ಪ್ರಶ್ನೆ ಸಾಕು, ಮತ್ತೆ ಅವಳು ಬಾಯಿ ತೆರೆಯುವುದಿಲ್ಲ.

ಸಮಾಜದ ಹಿರಿಯರು ಎರಡೂ ಕಡೆಯವರನ್ನು ಕೂರಿಸಿ, ಮುಚ್ಚಳಿಕೆ ಬರೆಸಿ, ರಾಜಿ ಮಾಡಿಸಿ ಕಳಿಸುವ ಪದ್ಧತಿ ಅನೇಕ ಊರುಗಳಲ್ಲಿದೆ. ಹಣಕಾಸಿನ ವ್ಯಾಜ್ಯಕ್ಕೆ, ಪಾಲಿನ ತಕರಾರಿಗೆ ಅದು ಒಳ್ಳೆಯ ಪದ್ಧತಿ. ಹೊಡೆತ ಬಿದ್ದ ಕಡೆ ಅದನ್ನು ತರಬಾರದು. ಹೊಡೆದವನ ಎದುರು ಕೂತು ಅವಳು ಸತ್ಯ ಹೇಳಲಾರಳು; ಹೇಳಿದರೆ ಅದರ ಬೆಲೆಯನ್ನು ಮನೆಗೆ ಹೋದ ಮೇಲೆ ತೆರಬೇಕಾಗುತ್ತದೆ. ಮನೆ ಬಿಟ್ಟು ಹೊರಡುವ ಹೊತ್ತು, ಹೊರಟ ಮೇಲಿನ ಮೊದಲ ಕೆಲವು ವಾರ ಅತ್ಯಂತ ಅಪಾಯದ ಕಾಲ ಎಂಬುದು ಈ ಕ್ಷೇತ್ರದಲ್ಲಿ ದುಡಿದ ಎಲ್ಲರೂ ಹೇಳುವ ಮಾತು. ಕತ್ತು ಹಿಸುಕಿದ್ದು, ಸೀಮೆಎಣ್ಣೆ ಅಥವಾ ಗ್ಯಾಸ್ ತೋರಿಸಿ ಬೆದರಿಸಿದ್ದು, ಗರ್ಭಿಣಿಯಾಗಿದ್ದಾಗ ಹೊಡೆದದ್ದು, ಅವಳೇ "ಬದುಕಿ ಪ್ರಯೋಜನವಿಲ್ಲ" ಎನ್ನುತ್ತಿರುವುದು ಇವುಗಳಲ್ಲಿ ಒಂದಿದ್ದರೂ ನಾಳೆ ನೋಡೋಣ ಎನ್ನಬೇಡಿ.

ಗುಟ್ಟು ಕಾಯುವುದು ನಮ್ಮಂಥ ಸಮಾಜದಲ್ಲಿ ಎಲ್ಲಕ್ಕಿಂತ ಕಷ್ಟ. ಮಂಡಳದ ಅಧ್ಯಕ್ಷೆ ಹುಡುಗನ ಸೋದರತ್ತೆಯೇ ಆಗಿರಬಹುದು. ವಾಟ್ಸ್ಯಾಪ್ ಗುಂಪಿಗೆ "ಒಬ್ಬ ನೊಂದ ಸಹೋದರಿಗೆ ಸಹಾಯ ಬೇಕು" ಎಂದು ಹೆಸರಿಲ್ಲದೆ ಹಾಕಿದರೂ ಹತ್ತು ನಿಮಿಷದಲ್ಲಿ ಯಾರೆಂದು ಪತ್ತೆಯಾಗುತ್ತದೆ. ಆದ್ದರಿಂದ ಪ್ರತಿ ಶಾಖೆಯಲ್ಲೂ ಒಬ್ಬರೋ ಇಬ್ಬರೋ ಮಾತ್ರ ಈ ಕೆಲಸ ನೋಡಿಕೊಳ್ಳಲಿ, ಸಭೆಯ ನಡಾವಳಿ ಪುಸ್ತಕದಲ್ಲಿ ಹೆಸರು ಬರೆಯುವುದು ಬೇಡ. ಅವಳಿಗೆ ಫೋನ್ ಮಾಡುವಾಗ "ಈಗ ಮಾತಾಡಬಹುದಾ?" ಎಂದು ಕೇಳಿಯೇ ಮುಂದುವರಿಯಿರಿ. ನಿಮ್ಮ ನಂಬರನ್ನು ಟೈಲರ್ ಎಂದೋ ಹಾಲಿನವರು ಎಂದೋ ಸೇವ್ ಮಾಡಿಕೊಳ್ಳಲಿ. ಕರಪತ್ರ ಕೈಗೆ ಕೊಟ್ಟರೆ ಮನೆಯಲ್ಲಿ ಸಿಕ್ಕಿಬೀಳುತ್ತದೆ. ಅದರ ಬದಲು ಬಸದಿ, ಸ್ಥಾನಕ, ಸಮುದಾಯ ಭವನಗಳ ಮಹಿಳೆಯರ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಯ ಒಳಗೋಡೆಗೆ ಸಹಾಯವಾಣಿ ಸಂಖ್ಯೆಯ ಚೀಟಿ ಅಂಟಿಸಿದರೆ ನೋಡುವವರು ಒಬ್ಬರೇ ಇರುವಾಗ ನೋಡುತ್ತಾರೆ. ಚಾತುರ್ಮಾಸದ ಪ್ರವಚನಕ್ಕೆ ಗಂಡನ ಮನೆಯವರೇ ಸೊಸೆಯನ್ನು ಕಳಿಸುತ್ತಾರೆ. ಬೇರೆಲ್ಲಿಗೂ ಬಿಡದ ಮನೆಗಳೂ ಅಲ್ಲಿಗೆ ಬಿಡುತ್ತವೆ. ಆ ಒಂದೆರಡು ಗಂಟೆಯೇ ಅವಳನ್ನು ಮಾತಾಡಿಸಲು ಸಿಗುವ ಅವಕಾಶ.

ಕೆಲವರು ಜೈನರಲ್ಲದ ಆಪ್ತಸಮಾಲೋಚಕಿಯನ್ನೇ ಬಯಸುತ್ತಾರೆ, ಸುದ್ದಿ ಹಬ್ಬದಿರಲೆಂದು. ಅದನ್ನು ಸಮಾಜಕ್ಕೆ ಅವಮಾನ ಎಂದುಕೊಳ್ಳಬಾರದು.

ಎಲ್ಲಿಗೆ ಕರೆದೊಯ್ಯಬೇಕು

ಜೀವಕ್ಕೆ ಅಪಾಯವಿದ್ದರೆ 112. ಮಹಿಳಾ ಸಹಾಯವಾಣಿ 181, ದಿನದ 24 ಗಂಟೆಯೂ. ಮಕ್ಕಳ ಮೇಲೂ ಹಿಂಸೆಯಿದ್ದರೆ 1098. ಉಚಿತ ಕಾನೂನು ನೆರವಿಗೆ 15100. ಈ ನೆರವು ಪಡೆಯಲು ಮಹಿಳೆಗೆ ಆದಾಯದ ಮಿತಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಅನುಕೂಲಸ್ಥ ಮನೆಯ ಹೆಣ್ಣುಮಗಳಿಗೂ ಉಚಿತ ವಕೀಲರು ಸಿಗುತ್ತಾರೆ. ನಮ್ಮವರಿಗೆ ಇದು ಮುಖ್ಯ. ಮನೆ ಕೋಟಿಯದಾಗಿದ್ದು, ಅವಳ ಪರ್ಸಿನಲ್ಲಿ ಆಟೋಗೆ ಕೊಡಲು ಹಣವಿಲ್ಲದ ಸ್ಥಿತಿ ವ್ಯಾಪಾರಿ ಕುಟುಂಬಗಳಲ್ಲಿ ಅಪರೂಪವಲ್ಲ.

ಕೇಂದ್ರ ಸರ್ಕಾರದ ಸಖಿ ಒನ್ ಸ್ಟಾಪ್ ಕೇಂದ್ರಗಳು 2015ರಲ್ಲಿ ಆರಂಭವಾದವು. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ ಒಂದೇ ಕಡೆ ದೊರೆಯುತ್ತದೆ. ಐದು ದಿನದವರೆಗೆ ತಂಗಲೂಬಹುದು. ಹೆಚ್ಚಾಗಿ ಇವು ಜಿಲ್ಲಾ ಆಸ್ಪತ್ರೆಯ ಆವರಣದಲ್ಲೋ ಹತ್ತಿರದಲ್ಲೋ ಇರುತ್ತವೆ. ಬೆಂಗಳೂರಿನಲ್ಲಿ ನಗರ ಪೊಲೀಸ್ ಆಯುಕ್ತರ ಕಚೇರಿಯ ವನಿತಾ ಸಹಾಯವಾಣಿ ಬಹಳ ವರ್ಷಗಳಿಂದ ಇದೆ, ಸಂಖ್ಯೆ 1091. 1979ರಲ್ಲಿ ಹುಟ್ಟಿದ ವಿಮೋಚನಾ ಸಂಸ್ಥೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. 'ಸ್ಟವ್ ಸಿಡಿದು ಸಾವು' ಎಂದು ದಾಖಲಾಗುತ್ತಿದ್ದ ಬೆಂಗಳೂರಿನ ಸೊಸೆಯರ ಸಾವುಗಳನ್ನು 1990ರ ದಶಕದಲ್ಲಿ ಪ್ರಶ್ನಿಸಿ ಬೆಳಕಿಗೆ ತಂದವರು ಅವರು.

ಕಾಯಿದೆಯಡಿ ಪ್ರತಿ ಜಿಲ್ಲೆಗೂ ಸಂರಕ್ಷಣಾಧಿಕಾರಿಗಳಿರುತ್ತಾರೆ. ನಮ್ಮ ರಾಜ್ಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಸಿಡಿಪಿಒಗಳು, ಈ ಹೊಣೆ ಹೊತ್ತಿದ್ದಾರೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ಎಲ್ಲಿದೆಯೆಂದು ಹೇಳುತ್ತಾರೆ. ಅವರು ಘಟನೆಯ ವರದಿ ಬರೆದುಕೊಂಡು, ಅರ್ಜಿ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಸಲ್ಲಿಸಲು ನೆರವಾಗಬೇಕು. ಆ ವರದಿ ಇಲ್ಲದಿದ್ದರೂ ನೇರವಾಗಿ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ನೋಡಿದವರು, ಕೇಳಿದವರು ಹಿಂಜರಿಯುವುದು "ನಮ್ಮ ತಲೆಗೆ ಬಂದರೆ?" ಎಂಬ ಭಯದಿಂದ. 4ನೇ ಕಲಮಿನಂತೆ ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ.

ಕೇಸು ಹಾಕಿದರೆ ಜೈಲೇ?

ಎರಡೂ ಕಡೆಯ ಕುಟುಂಬಗಳನ್ನು ಕಾಡುವ ಪ್ರಶ್ನೆ ಇದು. ಎಷ್ಟೋ ಹೆಂಗಸರು ಗಂಡ ಜೈಲಿಗೆ ಹೋಗುವುದು ಬೇಡ, ಹೊಡೆಯುವುದು ನಿಂತರೆ ಸಾಕು ಎನ್ನುತ್ತಾರೆ. 2005ರ ಕಾಯಿದೆ ಇರುವುದೇ ಅದಕ್ಕೆ. ಅದರಲ್ಲಿ ಸಿಗುವುದು ಸಿವಿಲ್ ಸ್ವರೂಪದ ಪರಿಹಾರ: ಹಿಂಸೆ ಮಾಡಬಾರದೆಂಬ ಆದೇಶ, ಮನೆಯಿಂದ ಹೊರಹಾಕಬಾರದೆಂಬ ಆದೇಶ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ನಷ್ಟ ಪರಿಹಾರ. ತುರ್ತಿದ್ದರೆ ಎದುರು ಪಕ್ಷವನ್ನು ಕೇಳುವ ಮುನ್ನವೇ ಮಧ್ಯಂತರ ಆದೇಶ ಕೊಡಬಹುದು. ಆ ಆದೇಶವನ್ನು ಮುರಿದಾಗ ಮಾತ್ರ ಅದು ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜನ '498ಎ' ಎಂದು ಕರೆಯುವ ಕ್ರಿಮಿನಲ್ ದೂರು ಬೇರೆಯದು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಇವೆರಡರಲ್ಲಿ ಯಾವುದು, ಅಥವಾ ಎರಡೂ ಬೇಕೇ ಎಂದು ನಿರ್ಧರಿಸುವವಳು ಅವಳು. ಸಮಾಜವಲ್ಲ, ತವರಿನವರೂ ಅಲ್ಲ.

ಮನೆ ಮಾವನ ಹೆಸರಿನಲ್ಲಿದೆ, ಆದ್ದರಿಂದ ಸೊಸೆಗೆ ಹಕ್ಕಿಲ್ಲ ಎಂದು ವಾದಿಸುವುದುಂಟು. ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಅವಳು ಸಂಸಾರ ಮಾಡಿದ ಮನೆ ಗಂಡನ ಬಂಧುಗಳ ಹೆಸರಿನಲ್ಲಿದ್ದರೂ ವಾಸದ ಹಕ್ಕು ಕೇಳಬಹುದು. ಇನ್ನೊಂದು ಅನುಕೂಲ: ಬೆಂಗಳೂರಿನಲ್ಲಿ ಹಿಂಸೆ ನಡೆದು ಅವಳು ಈಗ ಬೆಳಗಾವಿಯ ತವರಿನಲ್ಲಿದ್ದರೆ ಅರ್ಜಿಯನ್ನು ಬೆಳಗಾವಿಯಲ್ಲೇ ಹಾಕಬಹುದು, ತಾತ್ಕಾಲಿಕ ವಾಸವೂ ಸಾಕು. ಕಾಯಿದೆಯಲ್ಲಿ ಅರವತ್ತು ದಿನದೊಳಗೆ ತೀರ್ಮಾನ ಮಾಡಲು ಯತ್ನಿಸಬೇಕೆಂದಿದೆ. ನ್ಯಾಯಾಲಯದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೇ ಸಾಮಾನ್ಯ, ಮಾನಸಿಕವಾಗಿ ಸಿದ್ಧವಿರಬೇಕು. ವಿಚ್ಛೇದನದ ಪ್ರಶ್ನೆ ಬಂದರೆ ಜೈನರಿಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯಿದೆ.

ಒಡವೆ, ಸಹಿ, ಕಾಗದಪತ್ರ

ನಮ್ಮ ಮದುವೆಗಳಲ್ಲಿ ಹೆಣ್ಣಿನ ಮೈಮೇಲೆ ಹಾಕುವ ಚಿನ್ನದ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ, ಕಾಗದದಲ್ಲಿ ಮಾತ್ರ ಇರುವುದಿಲ್ಲ. ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಅದೇ ವರ್ಷದ ವರದಕ್ಷಿಣೆ ನಿಷೇಧ ನಿಯಮಗಳಂತೆ ವಧುವರರಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದು ಸಹಿ ಮಾಡಿಡಬೇಕು. ಈ ಪಟ್ಟಿ ಮಾಡುವ ತವರಿನವರನ್ನು ಅಪನಂಬಿಕೆಯವರು ಎಂದು ಆಡಿಕೊಳ್ಳುವ ಅಭ್ಯಾಸ ಬಿಟ್ಟರೆ ಮುಂದೆ ನೂರು ತಕರಾರು ತಪ್ಪುತ್ತದೆ. ಒಡವೆಯ ಫೋಟೊ, ಅಂಗಡಿಯ ಬಿಲ್ಲು ತವರಿನಲ್ಲಿ ಒಂದು ಪ್ರತಿ ಇರಲಿ.

ವ್ಯಾಪಾರಸ್ಥ ಕುಟುಂಬಗಳಲ್ಲಿ ಇನ್ನೊಂದು ತೊಡಕಿದೆ. ತೆರಿಗೆ ಉಳಿಸಲೆಂದು ಸೊಸೆಯನ್ನು ಫರ್ಮಿನ ಪಾಲುದಾರಳನ್ನಾಗಿ ಮಾಡಿರುತ್ತಾರೆ, ಬ್ಯಾಂಕ್ ಸಾಲಕ್ಕೆ ಅವಳ ಸಹಿ ಇರುತ್ತದೆ. ಮನೆ ಬಿಟ್ಟ ಮೇಲೆ ಸಾಲದ ನೋಟಿಸು ಅವಳ ಹೆಸರಿಗೂ ಬರುತ್ತದೆ. ಯಾವ ಯಾವ ಕಾಗದಕ್ಕೆ ಸಹಿ ಮಾಡಿದ್ದಾಳೆ, ಪ್ಯಾನ್ ಕಾರ್ಡ್ ಯಾರ ಬಳಿ ಇದೆ ಎಂಬುದನ್ನು ವಕೀಲರ ಜೊತೆಗೆ ಒಬ್ಬ ಲೆಕ್ಕಪರಿಶೋಧಕರಿಗೂ ತೋರಿಸಬೇಕು. ನಮ್ಮ ಸಮಾಜದಲ್ಲಿ ಸಿಎ ಓದಿದವರಿಗೆ ಕೊರತೆಯಿಲ್ಲ. ಅವರು ವರ್ಷಕ್ಕೆ ನಾಲ್ಕಾರು ಗಂಟೆ ಇದಕ್ಕೆ ಕೊಟ್ಟರೆ ಅದು ದೊಡ್ಡ ಸೇವೆ.

ಹೊರಡುವ ಮುನ್ನ ಆಧಾರ್, ಪಾಸ್‌ಬುಕ್, ಮದುವೆಯ ಫೋಟೊ ಮತ್ತು ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಸ್ಪತ್ರೆಯ ಚೀಟಿಗಳ ಫೋಟೊ ತೆಗೆದು ನಂಬಿಕಸ್ಥರಿಗೆ ಕಳಿಸಿಡಬೇಕು. ಗಾಯವಾಗಿದ್ದರೆ ವೈದ್ಯರಿಗೆ "ಬಿದ್ದೆ" ಎನ್ನದೆ ನಡೆದದ್ದನ್ನೇ ಹೇಳಬೇಕು, ಚೀಟಿಯಲ್ಲಿ ಬರೆದದ್ದು ಮುಂದೆ ಸಾಕ್ಷಿಯಾಗುತ್ತದೆ. ಫೋನಿನ ಗೂಗಲ್ ಖಾತೆ ಗಂಡನ ಬಳಿಯೂ ತೆರೆದಿದ್ದರೆ ಅವಳು ಎಲ್ಲಿದ್ದಾಳೆಂಬುದು ಅವನಿಗೆ ಗೊತ್ತಾಗುತ್ತಲೇ ಇರುತ್ತದೆ.

ಊಟ ಮತ್ತು ವಸತಿ

ಸರ್ಕಾರಿ ಆಶ್ರಯಧಾಮಕ್ಕೆ ಹೋಗಲು ಜೈನ ಮಹಿಳೆ ಹಿಂಜರಿಯುವುದಕ್ಕೆ ಮರ್ಯಾದೆಯ ಜೊತೆಗೆ ಊಟವೂ ಕಾರಣ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬಿಟ್ಟು ಅಡಿಗೆ ಮಾಡುವುದಿಲ್ಲ, ಊಟ ಬರುವುದು ಕತ್ತಲಾದ ಮೇಲೆ. ರಾತ್ರಿಭೋಜನ ಬಿಟ್ಟವಳು ಉಪವಾಸ ಮಲಗಬೇಕಾಗುತ್ತದೆ. ಹೊರಗಿನವರಿಗೆ ಇದು ಸಣ್ಣ ವಿಷಯ. ನಾಲ್ಕು ದಿನ ಇದೇ ನಡೆದರೆ ಅವಳು ಹೊಡೆಯುವ ಮನೆಗೇ ವಾಪಸ್ ಹೋಗುತ್ತಾಳೆ. ಸಂಜೆ ಐದಕ್ಕೆ ಒಂದು ಡಬ್ಬಿ ಊಟ ತಲುಪಿಸುವ ವ್ಯವಸ್ಥೆಯನ್ನು ಯಾವ ಮಹಿಳಾ ಮಂಡಳವಾದರೂ ಮಾಡಬಹುದು, ಕೇಂದ್ರದ ಸಿಬ್ಬಂದಿಯ ಅನುಮತಿ ಪಡೆದು ಬಾಗಿಲಲ್ಲಿ ಕೊಟ್ಟು ಬಂದರಾಯಿತು.

ಯಾತ್ರಿ ನಿವಾಸ, ಧರ್ಮಶಾಲೆಗಳಲ್ಲಿ ಒಂದು ಕೋಣೆ ಇದಕ್ಕಾಗಿ ಕಾದಿರಿಸಬಹುದೇ ಎಂದು ಕೇಳುವವರಿದ್ದಾರೆ. ಕಾದಿರಿಸಬಹುದು, ಆದರೆ ಅವಳ ಅತ್ತೆಮನೆಯವರು ಪೂಜೆಗೆ ಬರುವ ಬಸದಿಯ ಆವರಣದಲ್ಲಿ ಬೇಡ. ಬೇರೆ ಊರಿನದ್ದಾದರೆ ಒಳ್ಳೆಯದು.

ಮುಂಬೈಯ ಆಸ್ಪತ್ರೆಯಿಂದ ಕಲಿತದ್ದು

ಮನೆಯವರ ಕಣ್ಣು ತಪ್ಪಿಸಿ ಹೆಣ್ಣುಮಗಳನ್ನು ಎಲ್ಲಿ ಭೇಟಿಯಾಗುವುದು ಎಂಬ ಪ್ರಶ್ನೆಗೆ ಮುಂಬೈನಲ್ಲಿ ಒಂದು ಉತ್ತರ ಸಿಕ್ಕಿತು. 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರ ಪಾಲಿಕೆ ಮತ್ತು ಸೇಹತ್ ಸಂಸ್ಥೆ ಸೇರಿ 'ದಿಲಾಸಾ' ಎಂಬ ಕೇಂದ್ರ ತೆರೆದವು. ಪೊಲೀಸ್ ಠಾಣೆಗೆ ಹೋಗದವಳೂ ಗಾಯಕ್ಕೆ ಮುಲಾಮು ಹಾಕಿಸಲು ಆಸ್ಪತ್ರೆಗೆ ಬರುತ್ತಾಳೆ ಎಂಬುದು ಅದರ ಹಿಂದಿನ ಲೆಕ್ಕ. ನರ್ಸು, ವೈದ್ಯರಿಗೆ ತರಬೇತಿ ಕೊಟ್ಟು, ಅನುಮಾನ ಬಂದವಳನ್ನು ಮೆಲ್ಲಗೆ ಒಳಗಿನ ಕೋಣೆಗೆ ಕಳಿಸಿದರು. ಮುಂಬೈನ ಬೇರೆ ಆಸ್ಪತ್ರೆಗಳಿಗೂ ಈ ಮಾದರಿ ಹರಡಿತು. ಸಮಾಜದ ಟ್ರಸ್ಟುಗಳು ನಡೆಸುವ ಆಸ್ಪತ್ರೆ, ಡಯಾಗ್ನೋಸ್ಟಿಕ್ ಕೇಂದ್ರಗಳು ರಾಜ್ಯದ ನಗರಗಳಲ್ಲಿ ಹಲವಿವೆ. ಅಲ್ಲಿ ಇಬ್ಬರು ನರ್ಸುಗಳಿಗೆ ತರಬೇತಿ, ಬಾಗಿಲಿರುವ ಒಂದು ಕೋಣೆ ಇದ್ದರೆ ಕೆಲಸ ಶುರುವಾಗುತ್ತದೆ.

ನೆರೆಯವರಿಗೆ 2008ರ 'ಬೆಲ್ ಬಜಾವೋ' ಪ್ರಚಾರ ತೋರಿಸಿದ ದಾರಿ ಸುಲಭ: ಸದ್ದು ಕೇಳಿದಾಗ ಬೆಲ್ ಒತ್ತಿ, ಸ್ವಲ್ಪ ಹಾಲು ಇದೆಯಾ ಎಂದು ಕೇಳಿ. ಹೊರಗೆ ಯಾರೋ ಇದ್ದಾರೆಂದು ಗೊತ್ತಾದರೆ ಆ ಹೊತ್ತಿನ ಏಟಾದರೂ ನಿಲ್ಲಬಹುದು.

ಹೊರದೇಶಕ್ಕೆ ಕೊಟ್ಟ ಹೆಣ್ಣುಮಕ್ಕಳಿಗೆ 181 ತಲುಪುವುದಿಲ್ಲ. ಅಮೆರಿಕದಲ್ಲಿ ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿಯೇ ನ್ಯೂಜೆರ್ಸಿಯ ಮಾನವಿ 1985ರಿಂದ, ನ್ಯೂಯಾರ್ಕಿನ ಸಖಿ 1989ರಿಂದ, ಕ್ಯಾಲಿಫೋರ್ನಿಯಾದ ಮೈತ್ರಿ 1991ರಿಂದ ಕೆಲಸ ಮಾಡುತ್ತಿವೆ. ಮಗಳನ್ನು ವಿಮಾನ ಹತ್ತಿಸುವ ಮೊದಲು ಆ ಊರಿನ ಸಂಸ್ಥೆಯ ಹೆಸರು ಅವಳಿಗೆ ಗೊತ್ತಿರಲಿ, ಪಾಸ್‌ಪೋರ್ಟು ಅವಳ ಕೈಯಲ್ಲೇ ಇರಲಿ.

ಆಮೇಲಿನ ವರ್ಷಗಳು

ಸಮಾಜ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಸಹಾಯವಾಣಿಯ ಕೆಲಸ ಕೆಲವು ದಿನದ್ದು, ವಕೀಲರದು ವಾಯಿದೆಯಿಂದ ವಾಯಿದೆಗೆ. ಬಾಡಿಗೆ ಮನೆಗೆ ಅಡ್ವಾನ್ಸ್, "ಗಂಡ ಎಲ್ಲಿ?" ಎಂದು ಕೇಳದ ಮನೆಯ ಮಾಲೀಕರು, ವರ್ಷದ ಮಧ್ಯೆ ಮಕ್ಕಳಿಗೆ ಶಾಲೆ, ಅವಳಿಗೊಂದು ಕೆಲಸ, ಕೋರ್ಟಿನ ದಿನ ಮಗುವನ್ನು ನೋಡಿಕೊಳ್ಳುವವರು ಇವನ್ನು ಯಾವ ಇಲಾಖೆಯೂ ಕೊಡುವುದಿಲ್ಲ. ಜೈನರಿಗೆ 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸ್ವಉದ್ಯೋಗ ಸಾಲ, ಮಕ್ಕಳ ವಿದ್ಯಾಭ್ಯಾಸದ ಸಾಲಕ್ಕೆ ಅರ್ಜಿ ಹಾಕಲು ನೆರವಾಗಬಹುದು.

ಪಂಚಕಲ್ಯಾಣದಲ್ಲಿ, ಆರಾಧನೆಯಲ್ಲಿ, ಸುಮಂಗಲಿಯರ ಸಾಲಿನಲ್ಲಿ ಅವಳಿಗೆ ಜಾಗ ಬಿಡದೆ ಪಕ್ಕಕ್ಕೆ ಸರಿಸುವುದನ್ನೂ ನಿಲ್ಲಿಸಬೇಕು. ಕೋರ್ಟು, ಪೊಲೀಸು ಎಲ್ಲವನ್ನೂ ಎದುರಿಸಿದವರು ಈ ಒಂದು ನೋಟಕ್ಕೆ ಸೋತು ಬಸದಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ವಧು–ವರ ಸಮಾವೇಶಗಳಲ್ಲಿ ಮರುವಿವಾಹದ ಅರ್ಜಿ ತೆಗೆದುಕೊಳ್ಳುವವರು ಗಂಡಿನ ಕಡೆಯ ಮೊದಲ ಮದುವೆ ಏಕೆ ಮುರಿಯಿತು, ಸಂರಕ್ಷಣಾ ಆದೇಶವೇನಾದರೂ ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಈ ಕೆಲಸವನ್ನು ನಿರಂತರವಾಗಿ ಮಾಡಲು ಬಯಸುವ ಸಂಘಗಳಿಗೆ ಕಾಯಿದೆಯ 10ನೇ ಕಲಮಿನಲ್ಲಿ ದಾರಿಯಿದೆ. ಮಹಿಳೆಯರ ಹಕ್ಕುರಕ್ಷಣೆಯ ಉದ್ದೇಶವುಳ್ಳ ನೋಂದಾಯಿತ ಸಂಸ್ಥೆ 'ಸೇವಾ ಪೂರೈಕೆದಾರ'ರಾಗಿ ರಾಜ್ಯ ಸರ್ಕಾರದಲ್ಲಿ ಹೆಸರು ದಾಖಲಿಸಿಕೊಳ್ಳಬಹುದು. ಹಾಗೆ ದಾಖಲಾದ ಸಂಸ್ಥೆ ಮಹಿಳೆ ಬಯಸಿದರೆ ತಾನೇ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟ್‌ಗೆ ಮತ್ತು ಸಂರಕ್ಷಣಾಧಿಕಾರಿಗೆ ಕಳಿಸಬಹುದು, ವೈದ್ಯಕೀಯ ತಪಾಸಣೆ ಮಾಡಿಸಬಹುದು, ಆಶ್ರಯಧಾಮದಲ್ಲಿ ಸೇರಿಸಬಹುದು. ಅರ್ಜಿಯ ಬಗ್ಗೆ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬೇಕು.